ದ ಬೆಲ್ ಜಾರ್: ಎಸ್ತರ್ ಗ್ರೀನ್‌ವುಡ್‌ಳ ಅಸ್ಮಿತೆ ಮತ್ತು ಮನೋವ್ಯಾಧಿ

ಅಮೆರಿಕದ ಕವಯಿತ್ರಿ ಸಿಲ್ವಿಯಾ ಪ್ಲಾತ್ (1932–1963) ಪ್ರಕಟಿಸಿದ ಏಕೈಕ ಕಾದಂಬರಿ 'ದ ಬೆಲ್ ಜಾರ್'. ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿನಿ ಎಸ್ತರ್ ಗ್ರೀನ್‌ವುಡ್ 1953ರ ಬೇಸಿಗೆಯಲ್ಲಿ ತೀವ್ರ ಖಿನ್ನತೆಗೆ ತುತ್ತಾಗಿ, ಆತ್ಮಹತ್ಯೆಗೆ ಯತ್ನಿಸಿ, ಮನೋರೋಗ ಚಿಕಿತ್ಸಾಲಯದಲ್ಲಿ ಚೇತರಿಸಿಕೊಳ್ಳುವ ಕಥೆಯನ್ನು ಅವಳ ಬಾಯಿಂದಲೇ ಹೇಳಿಸಲಾಗಿದೆ. ಬೆಲ್ ಜಾರ್ ಎಂದರೆ ಪ್ರಯೋಗಶಾಲೆಗಳಲ್ಲಿ ವಸ್ತುಗಳನ್ನು ಹೊರಗಿನ ಗಾಳಿಯಿಂದ ಬೇರ್ಪಡಿಸಲು ಅವುಗಳ ಮೇಲೆ ಕವುಚುವ, ಗಂಟೆಯಾಕಾರದ ಗಾಜಿನ ಪಾತ್ರೆ. ಲೋಕ ಕಣ್ಣಿಗೆ ಕಂಡರೂ ಕೈಗೆಟುಕದ, ತನ್ನದೇ ಹಳಸಿದ ಗಾಳಿಯನ್ನು ಮತ್ತೆ ಮತ್ತೆ ಉಸಿರಾಡಬೇಕಾದ ರೋಗಿಯ ಸ್ಥಿತಿಗೆ ಅದು ಇಲ್ಲಿ ಸಂಕೇತವಾಗಿದೆ.

ಬಾಸ್ಟನ್ ಹೊರವಲಯದ ಬಡ ಮನೆಯಿಂದ ವಿದ್ಯಾರ್ಥಿವೇತನದ ಬಲದಿಂದ ಮೇಲೆ ಬಂದ ಎಸ್ತರ್, ಸ್ಪರ್ಧೆಯೊಂದರಲ್ಲಿ ಗೆದ್ದು ನ್ಯೂಯಾರ್ಕಿನ ಮಹಿಳಾ ಪತ್ರಿಕೆಯೊಂದರಲ್ಲಿ ಒಂದು ತಿಂಗಳು ಕೆಲಸ ಮಾಡಲು ಆಯ್ಕೆಯಾದ ಹನ್ನೆರಡು ಯುವತಿಯರಲ್ಲಿ ಒಬ್ಬಳು. ಎಲ್ಲರೂ ಅಸೂಯೆಪಡುವ ಆ ಅವಕಾಶ ಅವಳಲ್ಲಿ ಉತ್ಸಾಹವನ್ನು ಹುಟ್ಟಿಸುವುದಿಲ್ಲ. ಅಪರಿಚಿತರ ಮುಂದೆ ಸುಳ್ಳು ಹೆಸರು ಹೇಳಿಕೊಳ್ಳುವುದು, ಕನ್ನಡಿಯಲ್ಲಿ ಕಂಡ ತನ್ನ ಮುಖವನ್ನೇ ಗುರುತಿಸದಿರುವುದು, ನಗರ ಬಿಡುವ ಹಿಂದಿನ ರಾತ್ರಿ ಹೋಟೆಲಿನ ಮಹಡಿಯಿಂದ ತನ್ನ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಗಾಳಿಗೆ ತೂರುವುದು ಮುಂತಾದ ಪ್ರಸಂಗಗಳು, ಅವಳ ಅಸ್ಮಿತೆ, ಅಂದರೆ ತಾನು ಇಂಥವಳೆಂಬ ಸ್ಥಿರವಾದ ಅರಿವು, ಸಡಿಲವಾಗುತ್ತಿರುವುದನ್ನು ಸೂಚಿಸುತ್ತವೆ.

ಈ ಬಿಕ್ಕಟ್ಟಿಗೆ ಐವತ್ತರ ದಶಕದ ಅಮೆರಿಕದ ಮಧ್ಯಮವರ್ಗದ ನೀತಿಯೂ ಹಿನ್ನೆಲೆಯಾಗಿದೆ. ಎಸ್ತರ್ ಮದುವೆಯಾಗಬೇಕೆಂದು ಎಲ್ಲರೂ ಬಯಸುವ ವೈದ್ಯಕೀಯ ವಿದ್ಯಾರ್ಥಿ ಬಡ್ಡಿ ವಿಲರ್ಡ್, ಮಕ್ಕಳಾದ ಮೇಲೆ ಅವಳಿಗೆ ಕವಿತೆ ಬರೆಯುವ ಬಯಕೆ ಉಳಿಯದೆಂದು ನಂಬಿರುತ್ತಾನೆ. ಹೆಣ್ಣಿನಿಂದ ಶೀಲವನ್ನು ಬಯಸುವ ಸಮಾಜ ಅವನಿಗೆ ಅದೇ ನಿಯಮವನ್ನು ಅನ್ವಯಿಸುವುದಿಲ್ಲ. ಎಸ್ತರ್ ತನ್ನ ಬದುಕನ್ನು ಅಂಜೂರದ ಮರವೊಂದರಂತೆ ಕಲ್ಪಿಸಿಕೊಳ್ಳುವ ಪ್ರಸಿದ್ಧ ಭಾಗದಲ್ಲಿ ಒಂದೊಂದು ಹಣ್ಣೂ ಸಂಸಾರ, ಕಾವ್ಯ, ಅಧ್ಯಾಪನ, ಪ್ರವಾಸ ಹೀಗೆ ಒಂದೊಂದು ಭವಿಷ್ಯವಾಗಿದ್ದು, ಒಂದನ್ನು ಆರಿಸಿಕೊಂಡರೆ ಉಳಿದವೆಲ್ಲ ಕೈತಪ್ಪುವವೆಂದು ಅವಳು ಹಸಿದು ಕುಳಿತಿರುವಾಗಲೇ ಹಣ್ಣುಗಳು ಕಪ್ಪಾಗಿ ಉದುರುತ್ತವೆ.

ಆದರೆ ಕಾದಂಬರಿ ರೋಗವನ್ನು ಸಾಮಾಜಿಕ ಒತ್ತಡದ ಫಲವೆಂದಷ್ಟೇ ನೋಡುವುದಿಲ್ಲ. ಊರಿಗೆ ಮರಳಿದ ಎಸ್ತರ್‌ಗೆ ತಾನು ಬಯಸಿದ್ದ ಬರವಣಿಗೆಯ ತರಗತಿಗೆ ಪ್ರವೇಶ ಸಿಗದೆ ಹೋದ ಮೇಲೆ ನಿದ್ರೆ ಬಾರದು, ಓದಲು ಹೊರಟರೆ ಅಕ್ಷರಗಳು ಕಣ್ಣಮುಂದೆ ಕದಲುತ್ತವೆ, ನಾಳೆ ಮತ್ತೆ ಮಾಡಬೇಕಾದ ಕೆಲಸವೆಂಬ ಕಾರಣಕ್ಕೆ ತಲೆ ತೊಳೆದುಕೊಳ್ಳುವುದೂ ನಿರರ್ಥಕವೆನಿಸುತ್ತದೆ. ಖಿನ್ನತೆ ದಿನನಿತ್ಯದ ಸಣ್ಣ ಕೆಲಸಗಳನ್ನೂ ಹೊರಲಾರದ ಭಾರವಾಗಿಸುವ ಬಗೆಯನ್ನು ಇಷ್ಟು ನಿಖರವಾಗಿ ಚಿತ್ರಿಸಿರುವುದೇ ಕೃತಿಯ ಅತಿ ದೊಡ್ಡ ಸಾಧನೆ.

ಚಿಕಿತ್ಸೆಯ ಚಿತ್ರಣವೂ ಏಕಮುಖವಲ್ಲ. ಮೆದುಳಿಗೆ ವಿದ್ಯುತ್ ಹಾಯಿಸಿ ಸೆಳವು ಬರಿಸುವ ವಿದ್ಯುದಾಘಾತ ಚಿಕಿತ್ಸೆಯನ್ನು ಡಾ. ಗೋರ್ಡನ್ ಒರಟಾಗಿ ನೀಡಿದಾಗ ಎಸ್ತರ್ ಅದನ್ನು ಶಿಕ್ಷೆಯೆಂದೇ ಅನುಭವಿಸುತ್ತಾಳೆ. ಮುಂದೆ ಇನ್ನೊಂದು ಆಸ್ಪತ್ರೆಯಲ್ಲಿ, ಅವಳ ವಿಶ್ವಾಸ ಗಳಿಸಿದ ವೈದ್ಯೆ ಡಾ. ನೋಲನ್ ಮೇಲ್ವಿಚಾರಣೆಯಲ್ಲಿ, ಅದೇ ಚಿಕಿತ್ಸೆ ಸರಿಯಾಗಿ ನಡೆದು ನೆಮ್ಮದಿ ತರುತ್ತದೆ. ಆದರೂ ಗುಣ ಶಾಶ್ವತವೆಂಬ ಭರವಸೆ ಅವಳಿಗಿಲ್ಲ. ಜೊತೆಯ ರೋಗಿ ಜೋನ್ ಆತ್ಮಹತ್ಯೆ ಮಾಡಿಕೊಂಡ ಬಳಿಕ, ಬಿಡುಗಡೆಯನ್ನು ನಿರ್ಧರಿಸುವ ವೈದ್ಯರ ಸಭೆಗೆ ಎಸ್ತರ್ ಕಾಲಿಡುವಲ್ಲಿಗೆ ಕಥೆ ನಿಲ್ಲುತ್ತದೆ.

ಕಾದಂಬರಿ 1963ರ ಜನವರಿಯಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಲೂಕಸ್ ಎಂಬ ಗುಪ್ತನಾಮದಲ್ಲಿ ಹೊರಬಂದಿತು. ಮರುತಿಂಗಳು 11ರಂದು ಪ್ಲಾತ್ ಆತ್ಮಹತ್ಯೆ ಮಾಡಿಕೊಂಡರು. ಅವರದೇ ಹೆಸರಿನಲ್ಲಿ ಅದು 1966ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದರೆ, ಅಮೆರಿಕದಲ್ಲಿ ಅಚ್ಚಾದದ್ದು 1971ರಲ್ಲಿ. 1953ರಲ್ಲಿ ಪ್ಲಾತ್ ಸ್ವತಃ 'ಮ್ಯಾಡಮಝೆಲ್' ಪತ್ರಿಕೆಯಲ್ಲಿ ಅತಿಥಿ ಸಂಪಾದಕಿಯಾಗಿದ್ದು, ಅದೇ ವರ್ಷ ಆತ್ಮಹತ್ಯೆಗೆ ಯತ್ನಿಸಿ ಮೆಕ್ಲೀನ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದರಿಂದ ಕೃತಿಯನ್ನು ಆತ್ಮಕಥೆಯೆಂದೇ ಓದುವವರು ಹೆಚ್ಚು. ಆದರೆ ಲೇಖಕಿಯ ಸಾವಿನ ಮುನ್ಸೂಚನೆಯನ್ನಷ್ಟೇ ಹುಡುಕುವ ಓದು ಎಸ್ತರ್‌ಳ ಚೇತರಿಕೆಯನ್ನು ಮರೆಮಾಡುತ್ತದೆ. ಮನೋವ್ಯಾಧಿ ವ್ಯಕ್ತಿಯ ಲೋಪವಲ್ಲ, ಸರಿಯಾದ ಆರೈಕೆಗೆ ಸ್ಪಂದಿಸುವ ಕಾಯಿಲೆ ಎಂಬ ತಿಳಿವಳಿಕೆಯನ್ನು ಕೃತಿ ಸ್ಪಷ್ಟವಾಗಿಯೇ ನೀಡುತ್ತದೆ.