ದೊಡ್ಡ ಮೀನಿನ ನೆನಪು, ಕಾಣದ ಮರಿಗಳು

ಗಾಳ ಹಾಕುವವರನ್ನು ಮಾತಿಗೆಳೆಯಲು ಒಂದೇ ಪ್ರಶ್ನೆ ಸಾಕು: ನೀವು ಹಿಡಿದದ್ದರಲ್ಲಿ ಅತಿ ದೊಡ್ಡ ಮೀನು ಯಾವುದು? ಮೂವತ್ತು ವರ್ಷದ ಹಿಂದಿನ ಮೀನಾದರೂ ಅವರಿಗೆ ಎಲ್ಲವೂ ನೆನಪಿರುತ್ತದೆ. ಯಾವ ಮಡು, ಅವತ್ತು ನೀರು ಯಾವ ಬಣ್ಣಕ್ಕಿತ್ತು, ಮೀನು ಎಷ್ಟು ಹೊತ್ತು ಎಳೆದಾಡಿತು, ತಕ್ಕಡಿಯ ಮುಳ್ಳು ಎಲ್ಲಿ ನಿಂತಿತು, ಪಕ್ಕದಲ್ಲಿ ಯಾರಿದ್ದರು. ಆಮೇಲೆ ಇನ್ನೊಂದು ಕತೆ ಬರುತ್ತದೆ. ಅದಕ್ಕಿಂತ ದೊಡ್ಡದು, ಇನ್ನೇನು ದಡಕ್ಕೆ ಬರಬೇಕು ಅನ್ನುವಾಗ ದಾರ ಕಿತ್ತುಕೊಂಡು ಹೋದ ಮೀನಿನ ಕತೆ.

ಕಾವೇರಿ ಕಣಿವೆಯ ಪರಿಸರ ಚರಿತ್ರೆಯ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇವೆಲ್ಲ ಮೊದಲು ಚಿಲ್ಲರೆ ಸಂಗತಿಗಳಾಗಿ ಕಂಡಿದ್ದವು. ಅಣೆಕಟ್ಟು, ಕಾಲುವೆ, ಕಂದಾಯ, ಮೈಸೂರು ಮತ್ತು ಮದರಾಸಿನ ನಡುವಿನ ನೀರಿನ ಒಪ್ಪಂದಗಳು ಚರಿತ್ರೆ. ಬಿಡುವಿದ್ದ ಸಾಹೇಬರು ಮೀನು ಹಿಡಿದದ್ದು ಹರಟೆ. ಆದರೆ ನದಿಯ ಒಳಗೆ ಏನೇನು ಬದುಕಿತ್ತು ಎಂದು ಹುಡುಕಲು ಕೂತಾಗ ನನ್ನ ಲೆಕ್ಕ ತಪ್ಪಿತ್ತು ಅಂತ ಗೊತ್ತಾಯಿತು. ನಾನು ಓದಿದ ನೀರಾವರಿ ಕಡತಗಳಲ್ಲಿ ಎಷ್ಟು ನೀರು ಹರಿಯಿತು, ಎಷ್ಟು ಎಕರೆ ನೆನೆಯಿತು ಅನ್ನುವುದಿತ್ತು. ಮೀನು ಇರಲಿಲ್ಲ. ಮೀನು ಇದ್ದದ್ದು ಆ ಹರಟೆಯಲ್ಲೇ.

ಕಾವೇರಿಯ ಮಟ್ಟಿಗೆ ಆ ಹರಟೆಯ ನಾಯಕ ಒಬ್ಬನೇ, ಮಹಶೀರ್. ನದೀತೀರದ ನಮ್ಮ ಜನ ಬಿಳಿಮೀನು ಅನ್ನುತ್ತಾರೆ. ಅಂಗೈಯಗಲದ ಹುರುಪೆ, ದಪ್ಪ ತುಟಿ, ಬಂಡೆಗಳ ನಡುವಿನ ರಭಸದ ನೀರಿನಲ್ಲಿ ಎದುರೀಜುವ ಕಸುವು. ಮಹಶೀರ್‌ಗಳಲ್ಲೂ ಹಲವು ಬಗೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಒಂದಕ್ಕೆ ತಲೆಯ ಹಿಂದಿನಿಂದಲೇ ಬೆನ್ನು ಉಬ್ಬಿಕೊಂಡಿರುತ್ತದೆ. ಅದು ಗೂನುಬೆನ್ನಿನ ಮಹಶೀರ್. ಗಾಳಗಾರರ ಲೋಕದಲ್ಲಿ ಕಾವೇರಿಗೆ ಹೆಸರು ತಂದದ್ದು ಅದೇ.

ಈ ಹುಚ್ಚಿನ ಮೊದಲ ದೊಡ್ಡ ಪುಸ್ತಕ ಹೊರಬಂದದ್ದು ನಮ್ಮ ಕರಾವಳಿಯಿಂದ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಪ್ರಕಟಿಸಿದ. ಮಹಶೀರ್ ಮುಂದೆ ಇಂಗ್ಲೆಂಡಿನ ಸಾಲ್ಮನ್ ಮೀನು ಯಾವ ಲೆಕ್ಕ ಎಂದು ವಾದಿಸಿದ ಪುಸ್ತಕ ಅದು. ಓದಿದ ಅಧಿಕಾರಿಗಳು ರಜೆ ಸಿಕ್ಕಾಗಲೆಲ್ಲ ಗಾಳ ಹಿಡಿದು ನದಿಗೆ ಹೊರಟರು. 1919ರಲ್ಲಿ ರಿವೆಟ್ ಕಾರ್ನಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ 119 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದ. ಆ ದಾಖಲೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ನಿಂತಿತು. 1946ರಲ್ಲಿ ಅದನ್ನು ಮುರಿದವರು ಮೈಸೂರಿನವರೇ ಆದ ಡಿ ವೆಟ್ ವ್ಯಾನ್ ಇಂಗನ್. ಸತ್ತ ಹುಲಿ ಚಿರತೆಗಳನ್ನು ಜೀವ ಬಂದಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗನ್ ಮನೆತನವನ್ನು ಮೈಸೂರಿನ ಹಳಬರು ಇವತ್ತಿಗೂ ನೆನೆಯುತ್ತಾರೆ. ಡಿ ವೆಟ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್. ಹಿಂದಿನದಕ್ಕಿಂತ ಒಂದೇ ಒಂದು ಪೌಂಡ್ ಜಾಸ್ತಿ.

ಆ ಒಂದು ಪೌಂಡನ್ನು ನಂಬಬಹುದೇ? ಚರಿತ್ರೆಯ ವಿದ್ಯಾರ್ಥಿಗೆ ಈ ಅನುಮಾನ ಬರಲೇಬೇಕು. ಗಾಳಗಾರರ ಮಾತನ್ನು ಎಷ್ಟು ನಂಬಬೇಕು ಎಂಬ ಜಗಳ ಅಮೆರಿಕದಲ್ಲಿ ನಡೆದಷ್ಟು ಜೋರಾಗಿ ಬೇರೆಲ್ಲೂ ನಡೆದಿರಲಿಕ್ಕಿಲ್ಲ. ಅಲ್ಲಿನ ಉತ್ತರದ ಕೆರೆಗಳಲ್ಲಿ ಮಸ್ಕಿ ಎಂಬ ಮೀನಿದೆ. ಉದ್ದ ಮೂತಿ, ಬಾಯಿ ತುಂಬ ಹಲ್ಲು. ವಿಸ್ಕಾನ್ಸಿನ್ ರಾಜ್ಯದ ಹೇವರ್ಡ್ ಎಂಬ ಸಣ್ಣ ಊರಿನ ಆಸುಪಾಸಿನಲ್ಲಿ 1949ರ ಒಂದೇ ವರ್ಷ ಎರಡು ದಾಖಲೆಗಳಾದವು. ಜುಲೈನಲ್ಲಿ ಕ್ಯಾಲ್ ಜಾನ್ಸನ್ ಹಿಡಿದದ್ದು 67 ಪೌಂಡ್ 8 ಔನ್ಸ್, ಅಕ್ಟೋಬರಿನಲ್ಲಿ ಲೂಯಿ ಸ್ಪ್ರೇ ಹಿಡಿದದ್ದು 69 ಪೌಂಡ್ 11 ಔನ್ಸ್. 1957ರಲ್ಲಿ ಆರ್ಥರ್ ಲಾಟನ್ ಸೇಂಟ್ ಲಾರೆನ್ಸ್ ನದಿಯಲ್ಲಿ 69 ಪೌಂಡ್ 15 ಔನ್ಸಿನ ಮೀನು ಹಿಡಿದೆನೆಂದಾಗ ಸ್ಪ್ರೇಯ ದಾಖಲೆ ನಾಲ್ಕೇ ಔನ್ಸಿನಿಂದ ಮುರಿಯಿತು. ಮೂವತ್ತೈದು ವರ್ಷ ಕಳೆದು, 1992ರಲ್ಲಿ, ಫೋಟೋದಲ್ಲಿರುವ ಮೀನು ಹೇಳಿದ ತೂಕಕ್ಕೆ ತಾಳೆಯಾಗುವುದಿಲ್ಲವೆಂದು ಲಾಟನ್ ದಾಖಲೆಯನ್ನು ತೆಗೆದುಹಾಕಿದರು. ಆಮೇಲೆ ಸ್ಪ್ರೇಯ ಫೋಟೋಗಳನ್ನೂ ಅಳೆದು ನೋಡಿ ತಕರಾರು ಎತ್ತಿದರು. ಹೇವರ್ಡಿನಲ್ಲಿರುವ ಸಿಹಿನೀರಿನ ಮೀನುಗಾರಿಕೆಯ ಸಂಗ್ರಹಾಲಯ 2006ರಲ್ಲಿ ಆ ತಕರಾರನ್ನು ತಳ್ಳಿಹಾಕಿತು. ಆದರೆ ಗಾಳಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆ ಜಾನ್ಸನ್‌ನ ಮೀನನ್ನೇ ದಾಖಲೆ ಎಂದು ಒಪ್ಪಿದೆ. ಹಿಡಿದವರೆಲ್ಲ ತೀರಿಕೊಂಡ ಮೇಲೂ ಜಗಳ ತೀರಿಲ್ಲ.

ಮಸ್ಕಿಯ ಜಗಳ ಓದುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅಲ್ಲಿ ಯಾರ ಮೀನು ದೊಡ್ಡದು ಎಂದು ಕಾದಾಡುತ್ತಿದ್ದಾರೆ. ಮಸ್ಕಿ ಇದೆಯೋ ಇಲ್ಲವೋ ಎಂದಲ್ಲ. ಕಾವೇರಿಯ ದಡದಲ್ಲಿ ನಾವು ಕೇಳಬೇಕಾಗಿರುವುದು ಆ ಎರಡನೆಯ ಪ್ರಶ್ನೆಯನ್ನು.

ಸ್ವಾತಂತ್ರ್ಯದ ನಂತರ ಸಾಹೇಬರು ಹೋದರು, ಅವರ ಲೆಕ್ಕದ ಪುಸ್ತಕಗಳೂ ಹೋದವು. ಕಾವೇರಿಯ ದೈತ್ಯಮೀನು ಅಳಿದೇಹೋಗಿದೆಯೆಂದು ಇಂಗ್ಲೆಂಡಿನಲ್ಲಿ ಅನೇಕರು ನಂಬಿದ್ದರು. 1978ರ ಹೊತ್ತಿಗೆ ಮೂವರು ಇಂಗ್ಲಿಷ್ ತರುಣರು ಅದನ್ನು ಹುಡುಕಿಕೊಂಡು ಬಂದು 92 ಪೌಂಡಿನ ಮೀನು ಹಿಡಿದು ತೋರಿಸಿದಾಗ ಮತ್ತೆ ಗಾಳಗಾರರ ದಂಡು ಶುರುವಾಯಿತು. ಈ ಸಲ ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ನೀರಿಗೇ ಬಿಡುವ ಪದ್ಧತಿ ಬಂತು. ಮುತ್ತತ್ತಿಯ ಸುತ್ತಿನ ಕಾಡಿನಲ್ಲಿ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಕ್ಯಾಂಪುಗಳು ಎದ್ದವು. ಎರೆ ಏನು ಗೊತ್ತೇ? ನಮ್ಮ ರಾಗಿ ಹಿಟ್ಟು! ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ಬೇಯಿಸಿ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಕಲಸುವವರು, ಹರಿಗೋಲು ಹಾಕುವವರು, ಮೀನು ಯಾವ ಬಂಡೆಯ ಮರೆಯಲ್ಲಿ ನಿಂತಿದೆ ಎಂದು ತೋರಿಸುವವರು ಸುತ್ತಲಿನ ಹಳ್ಳಿಯವರು. ಅವರನ್ನು 'ಗಿಲ್ಲಿ' ಎಂದು ಕರೆಯುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ ದೊರೆಗಳ ಬೇಟೆಗೆ ಜೊತೆ ಹೋಗುವ ಆಳಿಗೆ ಇದ್ದ ಹೆಸರು ಅದು. ಕಾವೇರಿ ತೀರಕ್ಕೆ ಬಂದು ನಮ್ಮವರ ಹೆಸರಾಯಿತು.

ಮುತ್ತತ್ತಿಯಿಂದ ಸ್ವಲ್ಪ ದೂರದ ಹಳ್ಳಿಯೊಂದರಲ್ಲಿ, ಹಾಗೆ ಗಿಲ್ಲಿಯಾಗಿ ದುಡಿದಿದ್ದ ಹಿರಿಯರೊಬ್ಬರನ್ನು ಭೇಟಿಯಾದೆ. ಜಗಲಿಯ ಮೇಲೆ ಕೂತು ಅದೇ ಪ್ರಶ್ನೆ ಕೇಳಿದೆ.

"ತಾತಾ, ನೀವು ಕಂಡಿದ್ರಲ್ಲಿ ಭಾರಿ ದೊಡ್ಡ ಮೀನು ಯಾವ್ದು?"

"ತೂಕ ನಂಗೊತ್ತಿಲ್ಲ ಕಣವ್ವ. ಎಷ್ಟ್ ತೂಕ ಅಂತ ಅವ್ರು ಬರ್ಕೊಳೋರು. ಎಲ್ಲೈತೆ ಅಂತ ನಮ್ಮನ್ ಕೇಳೋರು."

ಆ ಎರಡು ಮಾತಿನಲ್ಲಿ ನನ್ನ ಪ್ರಬಂಧದ ಒಂದು ಅಧ್ಯಾಯವೇ ಇತ್ತು. ದಾಖಲೆಯಾಗಿ ಉಳಿದದ್ದು ತೂಕ. ಮೀನು ಎಲ್ಲಿ ಮೊಟ್ಟೆಯಿಡುತ್ತದೆ, ಯಾವ ತಿಂಗಳು ಮೇಲಕ್ಕೆ ಹತ್ತುತ್ತದೆ, ಯಾವ ಮಡುವಿನಲ್ಲಿ ಬೇಸಿಗೆ ಕಳೆಯುತ್ತದೆ ಎಂಬ ತಿಳಿವಳಿಕೆ ಬರೆಯದವರ ತಲೆಯಲ್ಲಿ ಉಳಿಯಿತು. ಈಗ ಅವರ ಜೊತೆಗೇ ಹೋಗುತ್ತಿದೆ.

ಆದರೆ ಬರೆದಿಟ್ಟವರನ್ನು ಬೈಯುವಂತೆಯೂ ಇಲ್ಲ. ಗಾಳಿಬೋರೆಯ ಕ್ಯಾಂಪಿನಲ್ಲಿ ಗಾಳಗಾರರು 1998ರಿಂದ 2012ರವರೆಗೆ ಇಟ್ಟ ಲೆಕ್ಕವನ್ನು ಮೀನು ವಿಜ್ಞಾನಿಗಳು ಕೂತು ಬಿಡಿಸಿದರು. ಒಟ್ಟು 23,620 ಗಂಟೆ ಗಾಳ ಹಾಕಿ ಹಿಡಿದ 6,161 ಮಹಶೀರ್‌ಗಳ ಲೆಕ್ಕ. ಅರ್ಧ ಕಿಲೋಗೂ ಕಡಿಮೆಯದರಿಂದ 46.8 ಕಿಲೋವರೆಗಿನ ಮೀನುಗಳು. ಅತಿ ದೊಡ್ಡ ಮೀನಿನ ಆಸೆಗೆ ಬಂದವರು ಬರೆದ ಪುಸ್ತಕವೇ ಈ ನದಿಯ ದೈತ್ಯಮೀನಿನ ಬಗ್ಗೆ ನಮಗಿರುವ ಹೆಚ್ಚುಕಡಿಮೆ ಏಕೈಕ ಜನಗಣತಿ. 2015ರಲ್ಲಿ ಪ್ರಕಟವಾದ ಆ ಅಧ್ಯಯನ ಓದಿದಾಗ ನನಗೆ ನಿದ್ದೆ ಬರಲಿಲ್ಲ.

ಲೆಕ್ಕದಲ್ಲಿ ಇದ್ದದ್ದು ಎರಡು ಬಗೆಯ ಮೀನು. ಒಂದು ನೀಲಿ ರೆಕ್ಕೆಯ ಮಹಶೀರ್. ಅದರ ಮೂಲ ಪುಣೆಯ ಕಡೆಯ ನದಿಗಳು. ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ಕೃತಕವಾಗಿ ಅದರ ಮರಿ ಮಾಡಿಸಿ ದೇಶದ ಹಲವು ನದಿಗಳಿಗೆ ಹಂಚಿದ್ದರು. ಮಹಶೀರ್ ಉಳಿಸುವ ಒಳ್ಳೆಯ ಮನಸ್ಸಿನಿಂದಲೇ ಅದು ಕಾವೇರಿಗೂ ಬಂತು. ಲೆಕ್ಕದಲ್ಲಿ ಅದರ ಸಂಖ್ಯೆ ವರ್ಷವರ್ಷಕ್ಕೆ ಏರುತ್ತಿತ್ತು, ಸರಾಸರಿ ತೂಕ ಇಳಿಯುತ್ತಿತ್ತು. ಮರಿಗಳು ತುಂಬಿಕೊಳ್ಳುತ್ತಿದ್ದವು ಎಂದರ್ಥ. ಇನ್ನೊಂದು ಕಾವೇರಿಯದೇ ಆದ ಗೂನುಬೆನ್ನಿನದು. ಅದರ ಸಂಖ್ಯೆ ಇಳಿಯುತ್ತಿತ್ತು, ಸಿಕ್ಕ ಒಂದೊಂದರ ತೂಕ ಏರುತ್ತಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗಾಳಗಾರನ ಕಣ್ಣಿಗೆ ತೂಕ ಏರುವುದೆಂದರೆ ಸುಗ್ಗಿ. ವರ್ಷಕ್ಕೆ ಒಂದೋ ಎರಡೋ ಸಿಕ್ಕರೂ ದೈತ್ಯವೇ ಸಿಗುತ್ತಿದೆ, ನದಿ ಚೆನ್ನಾಗಿದೆ ಎಂದು ಸಂತೋಷಪಟ್ಟು ಅವನು ಊರಿಗೆ ಹೋಗುತ್ತಾನೆ. ಆದರೆ ಊರೊಂದರಲ್ಲಿ ಬರೀ ಮುದುಕರೇ ಉಳಿದರೆ ಆ ಊರಿನವರ ಸರಾಸರಿ ವಯಸ್ಸೂ ಏರುತ್ತದೆ. ಅದು ಆರೋಗ್ಯದ ಗುರುತಲ್ಲ, ಶಾಲೆ ಮುಚ್ಚಿದ ಗುರುತು. ಗೂನುಬೆನ್ನಿನ ಮೀನಿಗೆ ಆಗಿದ್ದು ಅದೇ. ಹಳೆಯವು ಬೆಳೆಯುತ್ತಲೇ ಹೋದವು, ಅವುಗಳ ಜಾಗಕ್ಕೆ ಹೊಸವು ಬರಲಿಲ್ಲ. ಅತಿ ದೊಡ್ಡ ಮೀನು ಯಾವುದೆಂದು ಕೇಳುವ ಭರದಲ್ಲಿ, ಅತಿ ಚಿಕ್ಕದನ್ನು ಕಡೆಯದಾಗಿ ಕಂಡದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ.

ಮರಿಗಳು ಯಾಕೆ ಬರಲಿಲ್ಲ ಅನ್ನುವುದಕ್ಕೆ ಒಂದೇ ಕಾರಣ ಸಿಗುವುದಿಲ್ಲ. ಮಳೆಗಾಲದಲ್ಲಿ ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೋಗುವ ಮೀನು ಇದು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ, 1934ರ ಮೆಟ್ಟೂರು, 1974ರ ಕಬಿನಿ, ಹೀಗೆ ಒಂದರ ಮೇಲೊಂದು ಗೋಡೆ ಎದ್ದವು. ಮಂಡ್ಯದ ಗದ್ದೆ ಹಸಿರಾದದ್ದು ಅದೇ ಗೋಡೆಗಳಿಂದ; ನನ್ನಂಥವರು ಓದಿದ್ದೂ ಆ ಗದ್ದೆಯ ಅನ್ನದಿಂದ. ಹಾಗಾಗಿ ಇದನ್ನು ಬರೆಯುವಾಗ ನಾನು ಹೊರಗಿನವಳಲ್ಲ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ತೆಗೆಯುವುದು, ಬೇಸಿಗೆಯಲ್ಲಿ ಬತ್ತುವ ನದಿ, ಹೊರಗಿನಿಂದ ಬಂದ ನೀಲಿ ರೆಕ್ಕೆಯ ಪೈಪೋಟಿ ಎಲ್ಲವೂ ಸೇರಿಕೊಂಡವು.

ಇನ್ನೂ ವಿಚಿತ್ರವೆಂದರೆ, ಒಂದೂವರೆ ಶತಮಾನ ಈ ಮೀನನ್ನು ತೂಗಿದ ಮೇಲೂ ವಿಜ್ಞಾನದಲ್ಲಿ ಅದಕ್ಕೆ ಖಚಿತವಾದ ಹೆಸರಿರಲಿಲ್ಲ. ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಮೀನುಗಳಲ್ಲೊಂದಕ್ಕೆ ಈ ಸ್ಥಿತಿ. 2018ರಲ್ಲಷ್ಟೇ ಸಂಶೋಧಕರು ಇದು ಮತ್ತು ಕೇರಳದ ಪಾಂಬಾರ್ ಹೊಳೆಯಿಂದ ಅದಾಗಲೇ ವಿವರಿಸಲಾಗಿದ್ದ ಟೋರ್ ರೆಮಾದೇವಿಯೈ ಒಂದೇ ಎಂದು ತೋರಿಸಿದರು. ಪಾಂಬಾರ್ ಕೂಡ ಕಾವೇರಿಯ ಕಣಿವೆಯದೇ. ಹೆಸರು ಬಂದದ್ದು ಮೀನುಗಳ ಅಧ್ಯಯನದಲ್ಲಿ ಬದುಕು ಸವೆಸಿದ ವಿಜ್ಞಾನಿ ರೆಮಾದೇವಿ ಅವರಿಂದ. ಹೆಸರು ಸಿಕ್ಕ ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು 'ಅತ್ಯಂತ ಅಪಾಯದಲ್ಲಿರುವ' ಜೀವಿಯಾಗಿ ಸೇರಿತು. ನಾಮಕರಣಕ್ಕೂ ತಿಥಿಯ ಸಿದ್ಧತೆಗೂ ಒಂದೇ ಮುಹೂರ್ತ. ತಮಿಳುನಾಡಿನ ಮೋಯಾರ್ ನದಿಯಲ್ಲಿ ಕೆಲವು ಇನ್ನೂ ಉಳಿದಿವೆ.

ಗಾಳಿಬೋರೆಯ ಲೆಕ್ಕ 2012ಕ್ಕೆ ನಿಂತದ್ದು ಕಾನೂನಿನಿಂದ. ಅಭಯಾರಣ್ಯದ ಒಳಗೆ ಮೀನು ಹಿಡಿಯುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಎಂಬ ವ್ಯಾಖ್ಯಾನ ಬಂದು ಕ್ಯಾಂಪುಗಳ ಗಾಳ ಮೇಲೆದ್ದಿತು. ಕಾಯ್ದೆಯ ನ್ಯಾಯ ನನಗೆ ಅರ್ಥವಾಗುತ್ತದೆ. ಬಾಯಿಗೆ ಕೊಕ್ಕೆ ಸಿಕ್ಕಿಸಿ ಬಿಟ್ಟರೂ ಅದು ಹಿಂಸೆಯೇ. ಆದರೆ ಗಾಳದ ಜೊತೆಗೆ ಲೆಕ್ಕವೂ ನಿಂತಿತು, ದಿನವೂ ನದಿ ಕಾಯುತ್ತಿದ್ದ ಗಿಲ್ಲಿಗಳ ಕೂಲಿಯೂ ನಿಂತಿತು. ಗಾಳ ಬೇಡವೆನ್ನುವುದು ಸರಿ. ಆ ಲೆಕ್ಕವನ್ನು ಇನ್ನು ಮೇಲೆ ಬರೆಯುವವರು ಯಾರು ಅನ್ನುವುದನ್ನೂ ಆಗಲೇ ತೀರ್ಮಾನಿಸಬೇಕಿತ್ತು.

ಆ ದಿನ ಎದ್ದು ಹೊರಡುವ ಮೊದಲು ತಾತನನ್ನು ಇನ್ನೊಂದು ಪ್ರಶ್ನೆ ಕೇಳಿದೆ. ಗೂನುಬೆನ್ನಿನ ಮೀನಿನ ಮರಿಯನ್ನು ಕಡೆಯದಾಗಿ ಕಂಡದ್ದು ಯಾವಾಗ ಅಂತ. ದೊಡ್ಡ ಮೀನಿನ ಬಗ್ಗೆ ಕೇಳಿದಾಗ ತಟ್ಟನೆ ಉತ್ತರ ಕೊಟ್ಟವರು ಈಗ ಸುಮ್ಮನಾದರು. ಎಲೆಯಡಿಕೆ ಅಗಿಯುವುದನ್ನೂ ನಿಲ್ಲಿಸಿದರು.

"ನೀ ಕೇಳೋಗಂಟ ಅದ್ನ ನಾನೂ ಯೋಚ್ನೆ ಮಾಡಿರ್ಲಿಲ್ಲ ಕಣವ್ವ," ಅಂದರು. "ದೊಡ್ಡವು ಬತ್ತಿದ್ವಲ್ಲ, ಮರಿ ಎಲ್ಲೋ ಇರ್ತವೆ ಅಂದ್ಕಂಡಿದ್ವಿ."

ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಮಾತಿನ ಪಕ್ಕ ತಾರೀಕು ಹಾಕಿದೆ. ತೂಕದ ಕಾಲಂ ಖಾಲಿ ಬಿಟ್ಟೆ.