ಲಾಯದ ನಾಲ್ಕು ವರ್ಷ

ಜೈಪುರದ 61ನೇ ಕ್ಯಾವಲ್ರಿಯಲ್ಲಿ ನಾನು ಸವಾರನಾಗಿದ್ದೆ. ಬೆಳಗಿನ ಜಾವ ಎದ್ದು ಕುದುರೆಯ ಮೈ ತಿಕ್ಕಿ ಖರಾರ ಹಾಕಿದ ಮೇಲೆಯೇ ನಮ್ಮ ದಿನ ಶುರುವಾಗುತ್ತಿತ್ತು. ಹಳೆಯ ಸಂಸ್ಥಾನಗಳ ಕುದುರೆ ಪಡೆಗಳನ್ನು ಕೂಡಿಸಿ ಕಟ್ಟಿದ ರೆಜಿಮೆಂಟ್ ಅದು. ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅದರಲ್ಲಿ ಸೇರಿಹೋಗಿದೆ. ಪ್ರತಿ ಸೆಪ್ಟೆಂಬರ್ 23ರಂದು ಹೈಫಾ ದಿನ ಆಚರಿಸುತ್ತಿದ್ದೆವು. ಮೊದಲ ಮಹಾಯುದ್ಧದಲ್ಲಿ, 1918ರ ಅದೇ ದಿನ ಮೈಸೂರು, ಜೋಧಪುರದ ಸವಾರರು ಭರ್ಜಿ ಹಿಡಿದು ನುಗ್ಗಿ ತುರ್ಕರಿಂದ ಹೈಫಾ ಪಟ್ಟಣ ಗೆದ್ದ ಕಥೆಯನ್ನು ಕೇಳಿದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು: ಅದಕ್ಕೂ ಮುಂಚಿನ ನಾಲ್ಕು ವರ್ಷ ಅವರ ದಿನಗಳು ಹೇಗೆ ಕಳೆದವು?

1914ರ ಅಕ್ಟೋಬರ್‌ನಲ್ಲಿ ಬೆಂಗಳೂರು ಬಿಟ್ಟ ಮೈಸೂರಿನ ಸವಾರರು ಕುದುರೆಗಳ ಸಮೇತ ಹಡಗಿನಲ್ಲಿ ಸೂಯೆಜ್‌ಗೆ ಹೋದರು. 1915ರ ಆರಂಭದಲ್ಲಿ ಅವರಿದ್ದ ಬ್ರಿಗೇಡಿನ ಠಾಣ್ಯ ಇಸ್ಮಾಯಿಲಿಯಾ ಬಳಿಯ ಮೊಅಸ್ಕರ್‌ನಲ್ಲಿತ್ತು. ಸುಮಾರು 160 ಕಿಲೋಮೀಟರ್ ಉದ್ದದ ಸೂಯೆಜ್ ಕಾಲುವೆಯನ್ನು ತುರ್ಕರಿಂದ ಕಾಯುವುದೇ ಅಲ್ಲಿನ ಸೇನೆಯ ಕೆಲಸ. 1915ರ ಫೆಬ್ರವರಿಯಲ್ಲಿ ತುರ್ಕರು ಕಾಲುವೆ ದಾಟಲು ನೋಡಿ ಸೋತರು. ಆಮೇಲೆ ಉಳಿದದ್ದು ಕಾವಲು. ಸಂಜೆ ಹೊತ್ತು ಪೂರ್ವದ ದಂಡೆಯುದ್ದಕ್ಕೂ ಪೊದೆಯ ಕಟ್ಟು ಎಳೆಸಿ ಮರಳನ್ನು ಸಪಾಟು ಮಾಡುತ್ತಿದ್ದರು. ರಾತ್ರಿ ಯಾರಾದರೂ ಕಾಲುವೆಗೆ ಸಿಡಿಗುಂಡು ಹಾಕಲು ಬಂದಿದ್ದರೆ ಮುಂಜಾನೆ ಅಲ್ಲಿ ಹೆಜ್ಜೆಗುರುತು ಸಿಗಬೇಕು. ಮುಂಜಾನೆ ಗಸ್ತಿನವರು ಆ ಮರಳನ್ನು ಓದುತ್ತಾ ಸಾಗುತ್ತಿದ್ದರು. ಸಂಜೆ ಗುಡಿಸುವುದು, ಬೆಳಿಗ್ಗೆ ಓದುವುದು. ಮಾರನೆಯ ದಿನ ಮತ್ತೆ ಅದೇ.

ಕುದುರೆ ಸಾಕಿದವನಿಗೆ ಮರಳುಗಾಡೆಂದರೆ ಏನೆಂದು ನಾನು ಬಲ್ಲೆ. ಕುದುರೆಯೊಂದಕ್ಕೆ ದಿನಕ್ಕೆ 30 ಲೀಟರಿಗೂ ಹೆಚ್ಚು ನೀರು ಬೇಕು. ಮುಂದೆ ಸೇನೆ ಸೈನಾಯ್ ಮರಳುಗಾಡಿನೊಳಕ್ಕೆ ಸರಿದಾಗ ಕಾಲುವೆಯ ದಂಡೆಯ ಕಂತಾರಾದಿಂದ ರೈಲು ಹಳಿಯ ಜೊತೆಗೇ ಕೊಳವೆ ಹಾಸಿ, ಸೋಸಿದ ನೈಲ್ ನೀರನ್ನು ಹರಿಸಬೇಕಾಯಿತು. ಕೊಳವೆ ತಲುಪದ ಕಡೆಗೆ ಒಂಟೆಗಳ ಬೆನ್ನ ಮೇಲೆ ತಗಡಿನ ಪೀಪಾಯಿಗಳಲ್ಲಿ ನೀರು ಬರುತ್ತಿತ್ತು. ಕುದುರೆ ನೆಲಕ್ಕೆ ಬಿದ್ದ ಕಾಳನ್ನು ಆಯುವಾಗ ಮರಳೂ ಹೊಟ್ಟೆಗೆ ಹೋಗುತ್ತದೆ. ಅದು ಕರುಳಿನಲ್ಲಿ ಕೂತರೆ ಹೊಟ್ಟೆಶೂಲೆ, ಕೆಲವೊಮ್ಮೆ ಸಾವು. ಅದಕ್ಕೇ ಮೇವನ್ನು ಮೂತಿಗೆ ಕಟ್ಟುವ ಚೀಲ, ನಾವು ತೋಬ್ರಾ ಎನ್ನುವುದು, ಅಲ್ಲಿ ಪ್ರಾಣ ಉಳಿಸುವ ವಸ್ತು. ಊರಲ್ಲಿ ಹುರಳಿ ತಿಂದು ಬೆಳೆದ ಕುದುರೆಗಳು ಬಾರ್ಲಿಗೆ, ತಿಬ್ಬನ್ ಎಂದು ಕರೆಯುವ ಕತ್ತರಿಸಿದ ಒಣಹುಲ್ಲಿಗೆ ಒಗ್ಗಿಕೊಳ್ಳಬೇಕಾಯಿತು. ಸವಾರರ ಪಾಡೂ ಹಾಗೆಯೇ. ರೇಷನ್ನಿನಲ್ಲಿ ಬರುತ್ತಿದ್ದದ್ದು ಗೋಧಿ ಹಿಟ್ಟು, ಬೇಳೆ, ತುಪ್ಪ, ಬೆಲ್ಲ, ಟೀ. ರಾಗಿ ಮುದ್ದೆಯ ಸೀಮೆಯಿಂದ ಹೋದವನು ವರ್ಷಗಟ್ಟಲೆ ರೊಟ್ಟಿಯಲ್ಲೇ ಬದುಕಿದ.

1918ರ ಬೇಸಿಗೆ ಎಲ್ಲಕ್ಕಿಂತ ಕಠಿಣ. ಜೋರ್ಡಾನ್ ಕಣಿವೆ ಸಮುದ್ರಮಟ್ಟಕ್ಕಿಂತ ಸುಮಾರು ಸಾವಿರ ಅಡಿ ಕೆಳಗಿದೆ. ಬಿಸಿಲು 45 ಡಿಗ್ರಿ ದಾಟುತ್ತಿತ್ತು. ಕುದುರೆಗಳನ್ನು ನೀರಿಗೆ ಹೊಡೆದುಕೊಂಡು ಹೋದರೆ ಹಿಟ್ಟಿನಂಥ ಧೂಳು ಎದ್ದು, ಶತ್ರುವಿನ ಫಿರಂಗಿಗೆ ಗುರಿ ತೋರಿಸುತ್ತಿತ್ತು. ಜೌಗಿನ ಸೊಳ್ಳೆಗಳಿಂದ ಮಲೇರಿಯಾ ಹಬ್ಬಿತು. ಅಂಥದ್ದರಲ್ಲೂ ಜುಲೈ 14ರಂದು ಜೋರ್ಡಾನ್ ನದಿಯ ಕಡವಿನ ಬಳಿ ಜೋಧಪುರ, ಮೈಸೂರಿನ ಸವಾರರು ತುರ್ಕರ ಮೇಲೆ ಏರಿಹೋಗಿ ಕಾದಿದರು.

ಸೆಪ್ಟೆಂಬರ್ 19ರಂದು ದೊಡ್ಡ ದಾಳಿ ಶುರುವಾಯಿತು. ನಾಲ್ಕೇ ದಿನದಲ್ಲಿ ಕರಾವಳಿಯ ಬಯಲು, ಬೆಟ್ಟದ ಕಣಿವೆಗಳನ್ನು ದಾಟಿ ಬ್ರಿಗೇಡ್ ಹೈಫಾ ಮುಟ್ಟಿತು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿಹೋದರು. ಜೋಧಪುರದವರು ಪಟ್ಟಣಕ್ಕೆ ನುಗ್ಗಿದರು. ಸೆರೆ ಸಿಕ್ಕವರು 1,350 ಜನ, ವಶವಾದ ಫಿರಂಗಿ 17. ನಮ್ಮವರಲ್ಲಿ 8 ಜನ ಸತ್ತರು, 34 ಜನ ಗಾಯಗೊಂಡರು. ಸತ್ತ ಕುದುರೆಗಳು 60, ಗಾಯಗೊಂಡವು 83. ಈ ಕೊನೆಯ ಲೆಕ್ಕ ಓದಿದಾಗ ನನ್ನ ಕೈ ತಡೆಯುತ್ತದೆ. ದಿನಾ ಮೈ ತಿಕ್ಕಿ, ಗೊರಸು ಎತ್ತಿ ನೋಡಿ, ನೀರು ಕುಡಿಸಿದ ಕುದುರೆ ಮಡಿದರೆ ಸವಾರನಿಗೆ ಏನಾಗುತ್ತದೆಂದು ನನಗೆ ಗೊತ್ತು.

ನಾಲ್ಕು ದಿನ ಓಡಿದ ಮೇಲೂ ಗುಂಡಿನ ಎದುರು ಬೆಟ್ಟ ಹತ್ತುವ ಕಸುವು ಕುದುರೆಗೆ ಅದೇ ಮಧ್ಯಾಹ್ನ ಬಂದದ್ದಲ್ಲ. ನಾಲ್ಕು ವರ್ಷದ ತೋಬ್ರಾ, ಖರಾರ, ಲಾಳ, ನೀರಿನ ತೊಟ್ಟಿಯ ಮುಂದಿನ ಸರದಿ, ಇವೆಲ್ಲ ಕೂಡಿ ಬಂದದ್ದು. ಹೈಫಾ ಗೆದ್ದದ್ದು ಲಾಯದಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

ಮೈಸೂರಿನ ಸವಾರರು ಊರಿಗೆ ಮರಳಿದ್ದು 1920ರಲ್ಲಿ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರ ಪ್ರತಿಮೆಗಳಲ್ಲಿ ಒಂದು ಮೈಸೂರಿನವನದು. ಅಷ್ಟು ದೂರ ಹೋಗಲಾಗದವರಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲೇ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಆ ದಾರಿಯಲ್ಲಿ ಹೋದಾಗ ಒಂದು ನಿಮಿಷ ನಿಲ್ಲಿ. ಹೈಫಾದ ಜೊತೆಗೆ, ಬೆಳಗಿನ ಜಾವ ಮರಳಿನ ಮೇಲೆ ಹೆಜ್ಜೆ ಹುಡುಕುತ್ತಾ ನಡೆದ ಆ ಗಸ್ತಿನವರನ್ನೂ ನೆನೆಯಿರಿ.