ರಾಯಚೂರನ್ನು ಅಡವಿಟ್ಟ ಕಥೆ

ಹೋದ ತಿಂಗಳು ಮಗನ ವೀಸಾ ಇಂಟರ್‌ವ್ಯೂ ಇತ್ತು. ಹೈದರಾಬಾದಿನಲ್ಲಿ ಇರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಚಿಲಕೂರಿಗೆ ಹೋಗಿ ಬಾಲಾಜಿಗೆ 11 ಪ್ರದಕ್ಷಿಣೆ, ಕೆಲಸ ಆದರೆ ಮತ್ತೆ ಹೋಗಿ 108. ನಾವೂ ಹೋದೆವು. ನಮ್ಮ ಮುಂದೆ ಸುತ್ತುತ್ತಿದ್ದ ಹಿರಿಯರೊಬ್ಬರು ಸುತ್ತಿನ ನಡುವೆಯೇ ಅಮೆರಿಕವನ್ನು ಬೈಯುತ್ತಿದ್ದರು. ಇರಾಕ್ ಹಾಳು ಮಾಡಿದರು, ಡಾಲರ್ ತೋರಿಸಿ ಎಲ್ಲರನ್ನೂ ಹೆದರಿಸುತ್ತಾರೆ, ಇತ್ಯಾದಿ. ಕೈಯಲ್ಲಿ ಮಗಳ ವೀಸಾ ಫೈಲು!

ನನ್ನ ಮಗ ನಕ್ಕ. "ಬೈಯೋರೂ ಇವರೇ, ಕ್ಯೂ ನಿಲ್ಲೋರೂ ಇವರೇ. ಯಾಕಪ್ಪಾ ಹಿಂಗ?" ಅಂತ ಕೇಳಿದ. ಆಗ ಉತ್ತರ ಹೊಳೆಯಲಿಲ್ಲ. ಮುಂದಿನ ಭಾನುವಾರ ಕಾಚಿಗುಡದ ಸಾಹಿತ್ಯ ಮಂದಿರಕ್ಕೆ ಹೋಗುವಾಗ ದಾರಿಯಲ್ಲಿ ಕೋಠಿಯ ಹಳೇ ರೆಸಿಡೆನ್ಸಿ ಕಟ್ಟಡ ಕಂಡಿತು ನೋಡಿ, ಉತ್ತರ ಇಲ್ಲೇ ಇದೆಯಲ್ಲ ಅನ್ನಿಸಿತು. 1949ರಿಂದ ಮಹಿಳಾ ಕಾಲೇಜು ನಡೆದ ಜಾಗ ಅದು. ಅದಕ್ಕೂ ಮೊದಲು ಬ್ರಿಟಿಷ್ ರೆಸಿಡೆಂಟ್ ಕೂತು ನಿಜಾಮನ ರಾಜ್ಯವನ್ನು ಅಳೆದು ಸುರಿಯುತ್ತಿದ್ದ ಮನೆ. ಅದಕ್ಕೂ ನಮ್ಮ ಲಿಂಗಸೂಗೂರಿಗೂ ಏನು ಸಂಬಂಧ ಅಂತೀರಾ? ಇದೆ. ಸ್ವಲ್ಪ ತಾಳ್ಮೆಯಿಂದ ಓದಿ.

1798ರಲ್ಲಿ ನಿಜಾಮ್ ಅಲಿ ಖಾನ್ ವೆಲ್ಲೆಸ್ಲಿಯ ಜೊತೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ. ಫ್ರೆಂಚ್ ಪಡೆಯನ್ನು ವಿಸರ್ಜಿಸಬೇಕು, ಇಂಗ್ಲಿಷ್ ಪಡೆ ಇಟ್ಟುಕೊಳ್ಳಬೇಕು, ಖರ್ಚು ಕೊಡಬೇಕು. ಮರುವರ್ಷ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ರಾಜ್ಯದಿಂದ ನಿಜಾಮನ ಪಾಲಿಗೆ ಬಂದ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಅವನ ಕೈಯಲ್ಲಿ ಬಹಳ ದಿನ ಉಳಿಯಲಿಲ್ಲ. 1800ರಲ್ಲಿ ಆ ಪಡೆಯ ಖರ್ಚಿಗೆಂದೇ ಕಂಪನಿಗೆ ಬರೆದುಕೊಟ್ಟ. ಬಳ್ಳಾರಿಯ ನಮ್ಮ ಜನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದು ಹೀಗೆ. ಮುಗಿಯಿತಲ್ಲ, ಖರ್ಚಿನ ಬಾಬ್ತು ಚುಕ್ತಾ ಆಯಿತಲ್ಲ ಅಂದುಕೊಂಡರೆ ತಪ್ಪು. ಕಥೆ ಶುರುವಾಗುವುದೇ ಇಲ್ಲಿಂದ.

ಯುದ್ಧ ಬಂದಾಗ ನಿಜಾಮ 6,000 ಕಾಲಾಳು, 9,000 ಕುದುರೆ ಸವಾರರನ್ನು ಕೊಡಬೇಕು ಎಂದು 1800ರ ಒಪ್ಪಂದದಲ್ಲಿತ್ತು. ಯುದ್ಧ ಬಂದಾಗ ಮಾತ್ರ. ಆದರೆ ರೆಸಿಡೆಂಟ್ ಹೆನ್ರಿ ರಸೆಲ್‌ನ ಕಾಲಕ್ಕೆ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ ಒಂದು ಖಾಯಂ ಪಡೆಯೇ ಎದ್ದು ನಿಂತಿತು. ಮುಂದೆ ಅದೇ ಹೈದರಾಬಾದ್ ಕಂಟಿಂಜೆಂಟ್ ಆಯಿತು. ವರ್ಷಕ್ಕೆ ಸುಮಾರು 40 ಲಕ್ಷ ಖರ್ಚು. ಅಧಿಕಾರಿಗಳು ಅವರವರು, ಸಂಬಳ ನಿರ್ಧರಿಸುವವರು ಅವರೇ, ಬಿಲ್ಲು ಮಾತ್ರ ನಿಜಾಮನ ಹೆಸರಿಗೆ.

ದುಡ್ಡು ಎಲ್ಲಿಂದ ಬರಬೇಕು? ಇಲ್ಲಿ ಬರುತ್ತಾನೆ ವಿಲಿಯಂ ಪಾಮರ್. ತಂದೆ ಇಂಗ್ಲಿಷ್ ಜನರಲ್, ತಾಯಿ ಮುಸ್ಲಿಂ ಮನೆತನದವಳು. ಹೈದರಾಬಾದಿನಲ್ಲಿ ಪಾಮರ್ ಅಂಡ್ ಕಂಪನಿ ಎಂಬ ಬ್ಯಾಂಕು ತೆರೆದ. ದೇಶಿ ರಾಜರಿಗೆ ಇಂಗ್ಲಿಷರು ಸಾಲ ಕೊಡಕೂಡದು ಎಂದು 1797ರಲ್ಲೇ ಕಾನೂನು ಬಂದಿತ್ತು. ಪಾಮರ್ ಕಂಪನಿಗೆ 1816ರಲ್ಲಿ ಅದರಿಂದ ವಿನಾಯಿತಿ ಸಿಕ್ಕಿತು. ಆಮೇಲೆ ಪಾಲುದಾರನಾಗಿ ಬಂದ ಸರ್ ವಿಲಿಯಂ ರಂಬೋಲ್ಡ್‌ನ ಹೆಂಡತಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪೋಷಿಸಿದ ಹುಡುಗಿ. ನಮ್ಮ ಕಡೆ ಇದಕ್ಕೆ ವಶೀಲಿ ಅಂತೀವಿ, ಹೌದಲ್ಲೋ?

ಬಡ್ಡಿ ಎಷ್ಟು ಗೊತ್ತೇ? ಶೇಕಡಾ 24ರ ಆಸುಪಾಸು. ಬ್ಯಾಂಕಿನವನಾದ ನನಗೆ ಇದನ್ನು ಓದಿದಾಗ ಕೈ ತಾನಾಗಿ ಕ್ಯಾಲ್ಕುಲೇಟರ್ ಕಡೆ ಹೋಯಿತು. ಚಕ್ರಬಡ್ಡಿ ಹಾಕಿದರೆ ಮೂರೇ ಮೂರು ವರ್ಷಕ್ಕೆ ಅಸಲು ದುಪ್ಪಟ್ಟು. 1820ರಲ್ಲಿ 60 ಲಕ್ಷದ ಸಾಲ ಮಂಜೂರಾಯಿತು. ಅದರಲ್ಲಿ 8 ಲಕ್ಷ ಕಂಪನಿಯ ಬೋನಸ್ಸಂತೆ! ಸಾಲಗಾರನ ಕೈಗೆ ಬಂದದ್ದು 52, ಬಡ್ಡಿ ಕಟ್ಟುವುದು 60ಕ್ಕೆ. ಆ ವರ್ಷ ಬಂದ ಹೊಸ ರೆಸಿಡೆಂಟ್ ಚಾರ್ಲ್ಸ್ ಮೆಟ್ಕಾಫ್ ಇದನ್ನು ಪತ್ತೆ ಹಚ್ಚಿ ಹೇಸ್ಟಿಂಗ್ಸ್‌ನ ಕೋಪಕ್ಕೂ ಹೆದರದೆ ವಿರೋಧಿಸಿದ. ಅವನ ಮೇಲೆ ನನಗೆ ಗೌರವವಿದೆ. ಆಡಿಟ್ ಮಾಡುವವನು ಹೀಗಿರಬೇಕು.

ಸಾಲ ತೀರಿಸಿದ್ದು ಹೇಗೆ ಎಂಬುದು ಇನ್ನೂ ಸ್ವಾರಸ್ಯ. ಉತ್ತರ ಸರ್ಕಾರುಗಳು, ಅಂದರೆ ಇಂದಿನ ಆಂಧ್ರ ಕರಾವಳಿ, ಅದನ್ನು ಪಡೆದದ್ದಕ್ಕೆ ಕಂಪನಿ ನಿಜಾಮನಿಗೆ ವರ್ಷಕ್ಕೆ 7 ಲಕ್ಷ ಪೇಷ್ಕಷ್ ಕೊಡಬೇಕಿತ್ತು. 1823ರಲ್ಲಿ ಅದನ್ನು ಶಾಶ್ವತವಾಗಿ ರದ್ದು ಮಾಡಿ, ಬದಲಿಗೆ ಒಂದೇ ಗಂಟಿನಲ್ಲಿ ಸುಮಾರು 1 ಕೋಟಿ 16 ಲಕ್ಷ ಕೊಟ್ಟರು. ಲೆಕ್ಕ ಹಾಕಿ ನೋಡಿದೆ. ಶೇಕಡಾ 6ರ ಬಡ್ಡಿಯಲ್ಲಿ 7 ಲಕ್ಷ ಹುಟ್ಟಬೇಕಾದರೆ ಬೇಕಾಗುವ ಅಸಲು ಸರಿಯಾಗಿ ಅಷ್ಟೇ! ಅಂದರೆ ನಿಜಾಮ ಸಾಲ ತಂದಾಗ ಬಡ್ಡಿ 24, ಅವನ ಹಕ್ಕನ್ನು ಕೊಂಡುಕೊಳ್ಳುವಾಗ ದರ 6. ಅಧಿಕಾರ ಇರುವವನ ಮೇಲೆ ಸಿಟ್ಟು ಯಾಕೆ ಬರುತ್ತದೆ ಎಂದು ಮಗ ಕೇಳಿದ್ದನಲ್ಲ, ಈ ಎರಡು ಅಂಕಿಗಳನ್ನು ಅವನಿಗೆ ಒಂದು ಕಾಗದದ ಮೇಲೆ ಬರೆದುಕೊಟ್ಟೆ.

ಇಷ್ಟಾದರೂ ಕಂಟಿಂಜೆಂಟ್ ಉಳಿಯಿತು, ಬಾಕಿ ಬೆಳೆಯಿತು. 1853ರ ಹೊತ್ತಿಗೆ 40 ಲಕ್ಷ ಮೀರಿತ್ತು. ಡಾಲ್‌ಹೌಸಿ ಬಿಡುವವನೇ? ಆ ವರ್ಷದ ಮೇ ತಿಂಗಳಲ್ಲಿ ನಿಜಾಮ ನಾಸಿರುದ್ದೌಲನಿಂದ ಹತ್ತಿ ಬೆಳೆಯುವ ಬೇರಾರ್, ನಳದುರ್ಗ, ಮತ್ತು ನಮ್ಮ ರಾಯಚೂರು ದೋಆಬ್ ಬರೆಸಿಕೊಂಡರು. ಕೃಷ್ಣೆ ತುಂಗಭದ್ರೆಗಳ ನಡುವಿನ ಸೀಮೆ, ವಿಜಯನಗರದವರೂ ಸುಲ್ತಾನರೂ ಇನ್ನೂರು ವರ್ಷ ಹೊಡೆದಾಡಿದ ನೆಲ, ಒಂದು ಸಹಿಯಲ್ಲಿ ಅಡಮಾನವಾಯಿತು. ಲಿಂಗಸೂಗೂರಿನಲ್ಲೇ ಕಂಟಿಂಜೆಂಟಿನ ಒಂದು ದಂಡು ಇತ್ತು. ನಮ್ಮೂರಿನ ಮೇಲೆ ಕೂತ ಸೈನ್ಯದ ಸಂಬಳಕ್ಕೆ ನಮ್ಮೂರೇ ಅಡವು!

1857ರ ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನರ ಜೊತೆ ಜನ ಇದೇ ಕೋಠಿ ರೆಸಿಡೆನ್ಸಿಯ ಮೇಲೆ ನುಗ್ಗಿದರು. ಅವರಿಗೆ ಬಡ್ಡಿಯ ಲೆಕ್ಕ ಗೊತ್ತಿರಲಿಕ್ಕಿಲ್ಲ. ಆದರೆ ತಮ್ಮ ದೊರೆಯ ಮೇಲೆ ಇನ್ನೊಬ್ಬ ದೊರೆ ಕೂತಿದ್ದಾನೆ ಎಂಬುದು ದಿನಾ ಕಣ್ಣಿಗೆ ಬೀಳುತ್ತಿತ್ತು. ದಿವಾನ ಸಾಲಾರ್ ಜಂಗ್ ಇಂಗ್ಲಿಷರ ಪಕ್ಷದಲ್ಲಿದ್ದ, ದಾಳಿ ವಿಫಲವಾಯಿತು. ತುರ್ರೆಬಾಜನನ್ನು ಕೊಂದರು, ಮೌಲ್ವಿಯನ್ನು ಅಂಡಮಾನಿಗೆ ಕಳಿಸಿದರು. 1858ರ ಫೆಬ್ರವರಿಯಲ್ಲಿ ಸುರಪುರದ ವೆಂಕಟಪ್ಪ ನಾಯಕನ ಸರದಿ. ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯ ಮೇಲ್ವಿಚಾರಣೆಯಲ್ಲೇ ಬೆಳೆದ ಹುಡುಗ ಅವನು, ಟೇಲರನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಪ್ರೀತಿ ಇದ್ದಲ್ಲೇ ಸಿಟ್ಟು ಹುಟ್ಟಿತು ಅನ್ನುವುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. ನಾಯಕ ಹೈದರಾಬಾದಿಗೆ ತಪ್ಪಿಸಿಕೊಂಡು ಬಂದ, ಇಲ್ಲೇ ಸಿಕ್ಕಿಬಿದ್ದ. ಚೆಂಗಲ್‌ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ಸತ್ತ.

1860ರಲ್ಲಿ, ದಂಗೆಯಲ್ಲಿ ನಿಷ್ಠೆ ತೋರಿದ್ದಕ್ಕೆ ರಾಯಚೂರು, ನಳದುರ್ಗ ವಾಪಸ್ಸು. ಸುರಪುರವೂ ಬಹುಮಾನವಾಗಿ ನಿಜಾಮನಿಗೆ. 50 ಲಕ್ಷದ ಸಾಲ ಮನ್ನಾ. ಬೇರಾರ್ ಮಾತ್ರ ಬಿಡಲಿಲ್ಲ, ಅದರ ಜಮಾಖರ್ಚಿನ ಲೆಕ್ಕ ಕೇಳುವ ಹಕ್ಕನ್ನೂ ನಿಜಾಮ ಬಿಟ್ಟುಕೊಡಬೇಕಾಯಿತು. ಅಡವಿಟ್ಟವನಿಗೆ ಅಕೌಂಟ್ ಸ್ಟೇಟ್‌ಮೆಂಟ್ ಇಲ್ಲ! 1876ರಲ್ಲಿ ಸಾಲಾರ್ ಜಂಗ್ ಲಂಡನ್‌ವರೆಗೆ ಹೋಗಿ ಬಂದರೂ ಬೇರಾರ್ ಬರಲಿಲ್ಲ. 1902ರಲ್ಲಿ ಕರ್ಜನ್ ವರ್ಷಕ್ಕೆ 25 ಲಕ್ಷಕ್ಕೆ ಶಾಶ್ವತ ಗುತ್ತಿಗೆ ಬರೆಸಿಕೊಂಡ. ನಿಜಾಮನಿಗೆ ಜಿ.ಸಿ.ಬಿ. ಬಿರುದು ಬಂತು. ಜನ ಅದನ್ನು 'ಗೇವ್ ಕರ್ಜನ್ ಬೇರಾರ್' ಎಂದು ಬಿಡಿಸಿ ಓದಿ ನಕ್ಕರಂತೆ.

ಪೂರ್ತಿ ತಪ್ಪು ಇಂಗ್ಲಿಷರದ್ದೇ ಎಂದು ನಾನು ಹೇಳುತ್ತಿಲ್ಲ. ಪಾಮರ್ ಕಂಪನಿಯಲ್ಲಿ ಗುಜರಾತಿ ಸಾಹುಕಾರನೂ ಪಾಲುದಾರನಾಗಿದ್ದ. ಇಲ್ಲಿ ಆಡಳಿತ ನಡೆಸುತ್ತಿದ್ದ ಚಂದೂಲಾಲ್ ಸಾಲದ ಮೇಲೆ ಸಾಲ ತಂದ. ಆ ಹೊರೆ ಕೊನೆಗೆ ಇಳಿದದ್ದು ರೈತನ ಬೆನ್ನ ಮೇಲೆ. ಆದರೆ ಚಂದೂಲಾಲ್ 1843ರಲ್ಲಿ ಹೋದ, ರೆಸಿಡೆನ್ಸಿ ಮಾತ್ರ ಉಳಿಯಿತು. ಸಿಟ್ಟು ಯಾವಾಗಲೂ ಉಳಿದವನ ಕಡೆಗೇ ಹೋಗುತ್ತದೆ.

ಈಜಿಪ್ಟಿನದೂ ಇದೇ ಕಥೆ. 1875ರಲ್ಲಿ ಖೆದಿವ್ ಇಸ್ಮಾಯಿಲ್ ಸಾಲಕ್ಕಾಗಿ ಸೂಯೆಜ್ ಷೇರು ಮಾರಿದ, 1876ರಲ್ಲಿ ಸಾಲಿಗರ ಪರವಾಗಿ ಯುರೋಪಿನವರು ಲೆಕ್ಕ ನೋಡಲು ಕೂತರು, 1882ರಲ್ಲಿ ಬ್ರಿಟಿಷ್ ಸೈನ್ಯವೇ ಬಂತು. 1956ರಲ್ಲಿ ನಾಸರ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದಾಗ ಅಲ್ಲಿನ ಜನ ಅಷ್ಟೊಂದು ಕುಣಿದದ್ದು ಬರೀ ಕಾಲುವೆಗಲ್ಲ. ಈಗ ಹಂಬನ್‌ತೋಟದ ಬಂದರನ್ನು ಚೀನಾಕ್ಕೆ 2017ರಲ್ಲಿ 99 ವರ್ಷದ ಗುತ್ತಿಗೆಗೆ ಕೊಟ್ಟ ಶ್ರೀಲಂಕಾದಲ್ಲೂ ಅದೇ ಗೊಣಗಾಟ. ಅವರ ಸಾಲದ ದೊಡ್ಡ ಪಾಲು ಚೀನಾದ್ದಲ್ಲ, ಬಾಂಡ್ ಮಾರುಕಟ್ಟೆಯದು. ಆದರೆ ಬಾಂಡಿಗೆ ಮುಖ ಇಲ್ಲ, ಬಂದರಿಗೆ ಇದೆ.

1991ರಲ್ಲಿ ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಆ ಜುಲೈನಲ್ಲಿ ರಿಸರ್ವ್ ಬ್ಯಾಂಕಿನ 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಅಡವು ಹೋದ ಸುದ್ದಿ ಕೇಳಿ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರ ಹತ್ತಿರ ಒಂದು ತೊಲೆ ಬಂಗಾರವೂ ಇರಲಿಲ್ಲ! ಮುಂದೆ ನೌಕರಿ ಸಿಕ್ಕಿ ಹಳ್ಳಿ ಶಾಖೆಯಲ್ಲಿದ್ದಾಗ ಒಬ್ಬ ರೈತನ ಮನೆಗೆ ವಸೂಲಿ ನೋಟಿಸು ಕೊಡಲು ಹೋಗಿದ್ದೆ. ಅವನು ಒಂದು ಮಾತೂ ಬೈಯಲಿಲ್ಲ. ಚಹಾ ಕೊಟ್ಟ. ಕಪ್ಪು ಇಡುವಾಗ ನನ್ನನ್ನು ನೋಡಿದ ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ನಾನು ನಿಯಮದ ಪ್ರಕಾರವೇ ಹೋಗಿದ್ದೆ. ಡಾಲ್‌ಹೌಸಿಯೂ ಹಾಗೇ ಅಂದುಕೊಂಡಿದ್ದನೋ ಏನೋ.

ಅಂದ ಹಾಗೆ, ಮಗನಿಗೆ ವೀಸಾ ಸಿಕ್ಕಿತು. ಹೋದ ಶನಿವಾರ 108 ಸುತ್ತು ಮುಗಿಸಿ ಬಂದೆವು, ಕಾಲು ಇನ್ನೂ ನೋಯುತ್ತಿದೆ. ಸೋಮವಾರ ಅವನ ಶಿಕ್ಷಣ ಸಾಲಕ್ಕೆ ಕಾಗದ ಪತ್ರ ಕೊಟ್ಟು ಸಹಿ ಮಾಡಿದೆ. ಅಡಮಾನಕ್ಕೆ ಇಟ್ಟದ್ದು ಅಪ್ಪ ಕಟ್ಟಿಸಿದ ಲಿಂಗಸೂಗೂರಿನ ಮನೆ.